ತಾರೀಕಿಲ್ಲದ ನಿಯಮ

ಗಲ್ಫಿನ ಈ ಊರಿನ ಅಲ್ ಸದ್ದ್ ಬಡಾವಣೆಯ ಒಂದು ಕಟ್ಟಡದ ಆರನೇ ಮಹಡಿಯಲ್ಲಿ ನಾನು ಕಾಗದಗಳ ತಾರೀಕು ನೋಡುವ ಕೆಲಸ ಮಾಡುತ್ತೇನೆ. ಹುದ್ದೆಯ ಹೆಸರು ಡಾಕ್ಯುಮೆಂಟ್ ಕಂಟ್ರೋಲರ್. ಎಂಜಿನಿಯರುಗಳ ನಕ್ಷೆಗಳು ನನ್ನ ಮೇಜಿಗೆ ಬರುತ್ತವೆ. ಮೂಲೆಯಲ್ಲಿ ಎಷ್ಟನೇ ತಿದ್ದುಪಡಿ ಎಂಬ ಸಂಖ್ಯೆ, ತಾರೀಕು, ಸಹಿ ಮೂರೂ ಇದ್ದರೆ ಸೀಲು ಹೊಡೆದು ಮುಂದೆ ಕಳಿಸುತ್ತೇನೆ. ಒಂದು ಇಲ್ಲದಿದ್ದರೂ ವಾಪಸ್. ನಾಲ್ಕು ವರ್ಷಗಳಲ್ಲಿ ತಾರೀಕಿಲ್ಲದ ಒಂದು ಹಾಳೆಯೂ ನನ್ನ ಮೇಜು ದಾಟಿಲ್ಲ. ಮನೆಯಲ್ಲೂ ನನ್ನ ಅಭ್ಯಾಸ ಅದೇ. ಫ್ರಿಜ್ಜಿನಲ್ಲಿರುವ ಉಪ್ಪಿನಕಾಯಿ ಬಾಟಲಿಯ ಮೇಲೆ ಅದನ್ನು ತೆರೆದ ದಿನ ಬರೆದಿರುತ್ತದೆ. ನನ್ನ ಜೊತೆ ಕೋಣೆ ಹಂಚಿಕೊಂಡ ಹುಡುಗಿಯರು ಇದನ್ನು ಕಂಡು ನಗುತ್ತಾರೆ.

ಇಂಥ ನಾನು ಕಳೆದ ಜೂನ್ ತಿಂಗಳಿನಲ್ಲಿ ಐದು ಅಂಶಗಳ ಒಂದು ಕಾಗದ ಬರೆದೆ, ಅದಕ್ಕೆ ತಾರೀಕು ಹಾಕಲಿಲ್ಲ. ನಮ್ಮ ಟೀಚರು ತಮ್ಮ ತರಗತಿಗೆ ಮರಳಿ ಹೋಗದಂತೆ ಈಗ ಬಾಗಿಲು ಹಾಕಿರುವುದು ಅದೇ ಕಾಗದ. ಸಂಘದವರು ಇದನ್ನು "ಎಂತ ಮಾಡುದು, ನಿಯಮ ಅಲ್ವಾ" ಎಂಬ ನಾಲ್ಕು ಪದಗಳಲ್ಲಿ ಮುಗಿಸುತ್ತಿದ್ದಾರೆ. ಅಷ್ಟರಲ್ಲಿ ಮುಗಿಯುವ ವಿಷಯ ಇದಲ್ಲ. ಅದಕ್ಕೇ ನನ್ನ ಡೈರಿ ತೆರೆದಿಟ್ಟುಕೊಂಡು ಬರೆಯುತ್ತಿದ್ದೇನೆ.

ಓಲ್ಡ್ ಏರ್‌ಪೋರ್ಟ್ ಕಡೆ ಬಾಡಿಗೆಗೆ ಹಿಡಿದ ಒಂದು ಹಳೆಯ ವಿಲ್ಲಾದಲ್ಲಿ ನಮ್ಮ ಕರಾವಳಿಯವರ ಸಂಘವಿದೆ. ಎರಡು ವರ್ಷಕ್ಕೊಮ್ಮೆ ಸಮಿತಿಗೆ ಚುನಾವಣೆ. ಗೌರವಧನವಿರುವ ಹುದ್ದೆಗಳು ನಾಲ್ಕು: ಸಭಾಂಗಣ ನೋಡಿಕೊಳ್ಳುವವರು, ಬಸ್ಸಿನ ವ್ಯವಸ್ಥೆ ಮಾಡುವವರು, ಪುಸ್ತಕಗಳ ಕಪಾಟಿನ ಬೀಗದ ಕೈ ಇರುವವರು, ಶುಕ್ರವಾರದ ಕನ್ನಡ ಟೀಚರು. ಈ ಸಲದ್ದಕ್ಕೆ ಮೊದಲು, ನಾನು ಬಂದ ಮೇಲೆ ಎರಡು ಚುನಾವಣೆ ನಡೆದಿದ್ದವು. ಮೊದಲ ಮೂರು ಹುದ್ದೆಗಳಲ್ಲಿದ್ದವರು ಎರಡು ಸಲವೂ ಬದಲಾದರು. ಗೆದ್ದ ಗುಂಪಿನ ಭಾವ, ಷಡ್ಡಕ, ಒಟ್ಟಿಗೆ ಕ್ರಿಕೆಟ್ ಆಡುವವರು ಬಂದು ಕೂತರು. ಟೀಚರ ಹುದ್ದೆಯನ್ನು ಯಾರೂ ಮುಟ್ಟಿರಲಿಲ್ಲ. ಅವರ ಮೇಲಿನ ಗೌರವದಿಂದ ಅಂದುಕೊಂಡಿದ್ದೆ. ರಜೆಯ ದಿನ ಬೆಳಿಗ್ಗೆ ಆರಕ್ಕೆ ಏಳಲು ಬೇರೆ ಯಾರಿಗೂ ಇಷ್ಟವಿರಲಿಲ್ಲ, ಅಷ್ಟೆ.

ಟೀಚರು ಉಳ್ಳಾಲದ ಕಡೆಯವರು. ಮನೆಯಲ್ಲಿ ಬ್ಯಾರಿ, ತರಗತಿಯಲ್ಲಿ ಅಚ್ಚುಕಟ್ಟಾದ ಕನ್ನಡ. ಊರಿನಲ್ಲಿ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದವರು, ಗಂಡನ ಜೊತೆ ಇಲ್ಲಿಗೆ ಬಂದ ಮೇಲೆ ಮನೆಯಲ್ಲೇ ಉಳಿದರು. "ವಾರದ ಆರು ದಿನ ನಾನು ಇಂಥವರ ಹೆಂಡತಿ, ಇಂಥವರ ತಾಯಿ, ಶುಕ್ರವಾರ ಒಂದು ದಿನ ಟೀಚರು" ಎಂದು ಒಮ್ಮೆ ನನಗೆ ಹೇಳಿದ್ದರು. ಒಂಬತ್ತು ವರ್ಷ ಹಾಗೆ ನಡೆಯಿತು. ಕೊನೆಯ ಮೂರು ವರ್ಷ ನಾನು ಅವರ ಜೊತೆ ಹಾಜರಿ ಬರೆಯಲು ಹೋಗುತ್ತಿದ್ದೆ.

ಅವರದೊಂದು ಪಾಠವಿತ್ತು. ತರಗತಿ ಮುಗಿಯುವಾಗ ಪ್ರತಿ ಮಗುವೂ ಮನೆಗೆ ಬೇಕಾದ ಒಂದು ಸಾಮಾನಿನ ಹೆಸರನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆಯಬೇಕು. ಪಕ್ಕದ ಬೀದಿಯಲ್ಲಿ ಕುಂದಾಪುರದವರ ದಿನಸಿ ಅಂಗಡಿಯಿದೆ. ಅಲ್ಲಿ ಬಾಯಿ ಬಿಡದೆ ಚೀಟಿ ಕೊಡಬೇಕು. ಅಂಗಡಿಯವರು ಬರೆದದ್ದನ್ನು ಮಾತ್ರ ಕೊಡುತ್ತಿದ್ದರು. ಒಂದು ಮಗು ತೆಂಗಿನಕಾಯಿ ಎಂಬ ಅರ್ಥದಲ್ಲಿ ಬರೀ "ಒಂದು ಕಾಯಿ" ಎಂದು ಬರೆದುಕೊಂಡು ಹೋಯಿತು. ಅವರು ಗಂಭೀರವಾಗಿ ಒಂದು ಹಾಗಲಕಾಯಿ ಕೊಟ್ಟು ಕಳಿಸಿದರು. ಅಳುತ್ತಾ ಬಂದ ಮಗುವಿಗೆ ಟೀಚರು ಹೇಳಿದ್ದು ಇಷ್ಟೆ: "ನಿನ್ನ ಮನಸ್ಸಲ್ಲಿ ಇದ್ದದ್ದು ಅವರಿಗೆ ಹೇಗೆ ಗೊತ್ತಾಗ್ಬೇಕು? ಚೀಟಿಯಲ್ಲಿ ಇರ್ಬೇಕು." ನಾನು ಅಲ್ಲೇ ನಿಂತು ಮಕ್ಕಳ ಜೊತೆ ನಕ್ಕಿದ್ದೆ.

ಮೇ 14, ಬುಧವಾರ. ಬುಧವಾರ ಸಂಜೆ ಮದೀನತ್ ಖಲೀಫಾ ಬಡಾವಣೆಯಲ್ಲಿ ಒಬ್ಬ ಹುಡುಗಿಗೆ ನಾನು ಚರಿತ್ರೆ ಹೇಳಿಕೊಡುತ್ತೇನೆ. ನಾನು ಓದಿದ್ದು ಚರಿತ್ರೆ. ಅವಳು ಅಮೆರಿಕದ ಪಠ್ಯಕ್ರಮದ ಶಾಲೆಯಲ್ಲಿ ಹನ್ನೊಂದನೇ ತರಗತಿ. ಆ ದಿನದ ಪಾಠ 1882ರ ಅಮೆರಿಕದ ಕೆಳಮನೆಯ ಚುನಾವಣೆ. ಆಗ ಅಲ್ಲಿ ಅಂಚೆ ಕಚೇರಿಯಿಂದ ಸುಂಕದ ಕಟ್ಟೆಯವರೆಗೆ ಸರ್ಕಾರಿ ಕೆಲಸವೆಂದರೆ ಗೆದ್ದ ಪಕ್ಷ ತನ್ನವರಿಗೆ ಹಂಚುವ ಪ್ರಸಾದ. ಪಕ್ಷ ಬದಲಾದರೆ ಗುಮಾಸ್ತನೂ ಬದಲಾಗುತ್ತಿದ್ದ. ಉಳಿಯಬೇಕಾದರೆ ಚುನಾವಣೆ ಬಂದಾಗ ಸಂಬಳದ ಒಂದು ಪಾಲನ್ನು ಪಕ್ಷಕ್ಕೆ ಕೊಡಬೇಕು. ಕೇಳಿ ಪತ್ರವೇ ಬರುತ್ತಿತ್ತು. 1881ರಲ್ಲಿ, ಕೆಲಸ ಕೇಳಿ ಸಿಗದೆ ಹೋದ ಒಬ್ಬ ಮನುಷ್ಯ ಅಧ್ಯಕ್ಷರಿಗೇ ಗುಂಡು ಹೊಡೆದ. ಅವರು ಎರಡೂವರೆ ತಿಂಗಳು ನರಳಿ ತೀರಿಕೊಂಡರು. ಪರೀಕ್ಷೆ ಪಾಸಾದವರಿಗೆ ಕೆಲಸ ಕೊಡಿ ಎಂಬ ಕೂಗು ಎದ್ದಿತು. ಆಳುವ ಪಕ್ಷ ತಡಮಾಡಿತು. ಮರುವರ್ಷದ ನವೆಂಬರಿನಲ್ಲಿ ಜನ ಅದರ ಬಹುಮತ ಕಿತ್ತುಕೊಂಡರು. ಆದರೆ ಹೊಸಬರು ಬಂದು ಕೂರುವ ಮೊದಲು ಹಳೆಯ ಸಭೆ ಡಿಸೆಂಬರಿನಲ್ಲಿ ಮತ್ತೊಮ್ಮೆ ಸೇರಿತು. ಪರೀಕ್ಷೆಯ ಕಾನೂನು ಜನವರಿಯೊಳಗೆ ಪಾಸಾಯಿತು.

"ಅಕ್ಕ, ವೇಟ್," ಎಂದಳು ಹುಡುಗಿ. "ಸೋತವ್ರೇ ಪಾಸ್ ಮಾಡಿದ್ರಾ?"

"ಹೌದು. ಸೋತ ಮೇಲೆ ಬುದ್ಧಿ ಬಂತು."

"ಮತ್ತೆ ಆಲ್ರೆಡಿ ಜಾಬಲ್ಲಿ ಇದ್ದವ್ರು? ಅವ್ರಿಗೂ ಟೆಸ್ಟ್ ಉಂಟಾ?"

"ಇಲ್ಲ. ಅವರು ಹಾಗೇ ಮುಂದುವರಿದರು."

ಅವಳು ಪೆನ್ಸಿಲ್ ಕಚ್ಚಿ ಯೋಚಿಸಿದಳು. "ಹಾಗಾದ್ರೆ ಅದು ಬುದ್ಧಿ ಅಲ್ಲ ಅಕ್ಕ. ಅವ್ರ ಜನನ್ನ ಒಳಗೆ ಇಟ್ಟು ಡೋರ್ ಲಾಕ್ ಮಾಡಿದ್ದು."

"ಪರೀಕ್ಷೆಗೆ ಅದನ್ನು ಕೇಳುವುದಿಲ್ಲ. ಇಸವಿ ಬರೆದುಕೋ," ಎಂದೆ.

ಆ ಮಾತೂ ನನ್ನ ಡೈರಿಯಲ್ಲಿದೆ. ಹುಡುಗಿ ಹೇಳಿದ್ದು ತಮಾಷೆ ಎಂದು ಬರೆದಿಟ್ಟಿದ್ದೆ.

ಜೂನ್ 6, ಶುಕ್ರವಾರ. ತರಗತಿ ಮುಗಿದು ನಾವು ಕುರ್ಚಿ ಎತ್ತಿಡುತ್ತಿದ್ದಾಗ ಸಂಘದ ಕಾರ್ಯದರ್ಶಿ ಬಂದರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಾರೆ, ನಾನೂ ಅನ್ನುತ್ತಿದ್ದೆ. ನಮ್ಮೆಲ್ಲರಿಗೂ ಚಹಾ ತರಿಸಿದರು. ಅವರು ಚಹಾ ತರಿಸಿದರೆ ಏನೋ ಬೇಕಾಗಿದೆ ಎಂದು ಅರ್ಥ.

"ಟೀಚರ್, ಮಕ್ಕಳ ಮನೆಯವರ ಫೋನ್ ನಂಬರಿನ ಲಿಸ್ಟ್ ಒಂದು ಬೇಕಿತ್ತು," ಎಂದರು.

"ಯಾವುದಕ್ಕೆ?"

"ಎಂತ ಇಲ್ಲ. ನವೆಂಬರಿಗೆ ಎಲೆಕ್ಷನ್ ಅಲ್ವಾ. ಒಂದು ಮಾತು ಹೇಳಿಡುದು ಎಲ್ರಿಗೂ. ನಿಮ್ಮ ಹೆಸರಲ್ಲಿ ಹೇಳಿದ್ರೆ ಜನ ಕೇಳ್ತಾರೆ."

ಅರವತ್ತೊಂದು ಮಕ್ಕಳು, ನಲವತ್ತಾರು ಮನೆ, ಮನೆಗೆ ಎರಡು ಮತ. ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ.

"ಅದು ಮಗುವಿಗೆ ಜ್ವರ ಬಂದ್ರೆ ಫೋನ್ ಮಾಡ್ಲಿಕ್ಕೆ ಕೊಟ್ಟ ನಂಬರ್," ಎಂದರು ಟೀಚರು. "ಓಟು ಕೇಳ್ಲಿಕ್ಕೆ ಅಲ್ಲ."

"ನೀವು ಯಾವ ಕಡೆ ಟೀಚರ್?"

"ನಾನು ಕರಿ ಬೋರ್ಡಿನ ಕಡೆ."

ಅಣ್ಣ ನಕ್ಕರು. "ಆ ಬೋರ್ಡ್ ಕೊಡಿಸಿದ್ದು ಯಾರು ಅಂತ ನೆನಪಿಟ್ಟುಕೊಳ್ಳಿ ಮತ್ತೆ," ಎಂದು ಹೇಳಿ ಚಹಾ ಮುಗಿಸಿ ಹೋದರು.

ನನಗೆ ಹೆದರಿಕೆ ಹುಟ್ಟಿತು. ಅಮೆರಿಕದ ಗುಮಾಸ್ತರ ಪಾಠ ತಲೆಯಲ್ಲಿ ಹಸಿಯಾಗಿತ್ತು. ಅವರಿಂದ ಸಂಬಳದ ಪಾಲು ಕೇಳಿದರು, ಇವರಿಂದ ಫೋನ್ ನಂಬರು. ಎರಡು ವಾರ ಕೂತು ಒಂದು ಕರಡು ಬರೆದೆ. ಒಂದು, ಖಾಲಿಯಾದ ಹುದ್ದೆಗೆ ಅರ್ಜಿ ಕರೆದು ಪರೀಕ್ಷೆ ಇಡಬೇಕು. ಎರಡು, ಹುದ್ದೆಯಲ್ಲಿರುವವರಿಂದ ಚುನಾವಣೆಯ ಕೆಲಸ ಕೇಳಬಾರದು. ಮೂರು, ಈಗ ಹುದ್ದೆಯಲ್ಲಿರುವವರು ಮುಂದುವರಿಯುತ್ತಾರೆ. ತಪ್ಪು ಸಾಬೀತಾಗದೆ ಅವರನ್ನು ತೆಗೆಯಬಾರದು. ಉಳಿದೆರಡು ಪರೀಕ್ಷೆ ನಡೆಸುವ ಕ್ರಮದ ಬಗ್ಗೆ. ಮೂರನೆಯದನ್ನು ನಾನು ಟೀಚರಿಗಾಗಿಯೇ ಬರೆದೆ. ಅದೊಂದಕ್ಕಾಗಿಯೇ ಉಳಿದ ನಾಲ್ಕನ್ನೂ ಬರೆದೆ ಎಂದರೂ ಸರಿ.

ಜೂನ್ 20ರಂದು ಅದನ್ನು ಕಾರ್ಯದರ್ಶಿಯವರ ಕೈಗೆ ಕೊಟ್ಟೆ. ಓದಿದರು, ತಲೆದೂಗಿದರು. "ಒಳ್ಳೆ ಬರ್ದಿದ್ದಿ ತಂಗಿ. ಲಾಯರ್ ಆಗ್ಬೇಕಿತ್ತು ನೀನು," ಎಂದು ಫೈಲಿಗೆ ಸೇರಿಸಿದರು. ಕಚೇರಿಯಲ್ಲಾದರೆ ಪ್ರತಿಯ ಮೇಲೆ ಅವರ ಸಹಿ, ತಾರೀಕು ತೆಗೆದುಕೊಳ್ಳದೆ ಕದಲುತ್ತಿರಲಿಲ್ಲ. ಸಂಘ ನಮ್ಮದೇ, ಅಣ್ಣ ನಮ್ಮವರೇ ಎಂದು ಬರಿಗೈಯಲ್ಲಿ ಬಂದೆ. ಕೊಟ್ಟ ದಿನ ನನ್ನ ಡೈರಿಯಲ್ಲಿ ಮಾತ್ರ ಉಳಿಯಿತು.

ಜುಲೈ, ಆಗಸ್ಟ್ ತರಗತಿ ಇಲ್ಲ. ಶಾಲೆಗಳಿಗೆ ರಜೆ, ಊರಿಗೆ ಹೋಗುವವರೆಲ್ಲ ಹೋಗುತ್ತಾರೆ.

ಸೆಪ್ಟೆಂಬರ್ 5, ಶುಕ್ರವಾರ. ಮಂಗಳೂರಿನಿಂದ ತಂದ ಎರಡು ಕಟ್ಟು ಕಾಪಿ ಪುಸ್ತಕಗಳನ್ನು ಹಿಡಿದುಕೊಂಡು ಟೀಚರು ಬಂದರು. ಅವರ ಕುರ್ಚಿಯಲ್ಲಿ ಉಪಾಧ್ಯಕ್ಷರ ತಮ್ಮನ ಹೆಂಡತಿ ಕೂತಿದ್ದರು. ಹಿಂದಿನ ಸಂಜೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂದಿತ್ತಂತೆ, "ಹೊಸ ಮುಖಗಳಿಗೆ ಅವಕಾಶ" ಎಂದು. ಟೀಚರ ನಂಬರನ್ನು ಆ ಗುಂಪಿನಿಂದ ಅದಕ್ಕೂ ಮೊದಲೇ ತೆಗೆದಿದ್ದರಿಂದ ಅವರಿಗೆ ತಿಳಿದಿರಲಿಲ್ಲ. ನಾನು ಅದನ್ನು ನೋಡಿರಲಿಲ್ಲ. ಮಕ್ಕಳೆಲ್ಲ ನೋಡುತ್ತಿದ್ದರು. ಟೀಚರು ಕಾಪಿ ಪುಸ್ತಕಗಳನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, "ಇದು ಮಕ್ಕಳಿಗೆ," ಎಂದು ಹೇಳಿ ಹೊರಟರು. ನಾನು ಅವರ ಹಿಂದೆಯೇ ಹೋದೆ. ಟ್ಯಾಕ್ಸಿ ಹತ್ತುವಾಗ, "ನೀನು ಒಳಗೆ ಹೋಗು. ಹಾಜರಿ ಯಾರು ಬರೀತಾರೆ?" ಎಂದರು.

ಒಳಗೆ ಹೋಗಿ ಬರೆದೆ. ಮೊದಲ ವಾರ ಐವತ್ತೆಂಟು. ಆಮೇಲೆ ಐವತ್ತು, ಮೂವತ್ತೇಳು, ಇಪ್ಪತ್ತೊಂಬತ್ತು. ಹೊಸ ಟೀಚರು ಕನ್ನಡ ಅಕ್ಷರಗಳನ್ನು ಫೋನಿನಲ್ಲಿ ತೋರಿಸಿ ಬರೆಸುತ್ತಿದ್ದರು. ಚೀಟಿಯ ಪಾಠ ನಿಂತಿತು. ಫೋನ್ ನಂಬರುಗಳನ್ನು ಮಾತ್ರ ಎರಡನೇ ವಾರವೇ ಒಬ್ಬೊಬ್ಬ ಮಗುವನ್ನೂ ಕರೆದು ಹೊಸದಾಗಿ ಬರೆದುಕೊಂಡು ಕಾರ್ಯದರ್ಶಿಗೆ ಕೊಟ್ಟರು. ನಾಲ್ಕನೇ ವಾರದ ನಂತರ ನಾನು ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಎದುರು ಗುಂಪಿನವರು ನನ್ನನ್ನು ಕರೆದರು. ಅವರ ಅಧ್ಯಕ್ಷ ಅಭ್ಯರ್ಥಿ ಜಾಹೀರಾತು ಬೋರ್ಡುಗಳ ವ್ಯಾಪಾರ ಮಾಡುವವರು, ಮಾತು ಮೆದು. "ಟೀಚರಿಗೆ ಮಾಡಿದ್ದು ತಪ್ಪು. ನಾವು ಬಂದ ಮೊದಲ ಶುಕ್ರವಾರ ಅವರು ವಾಪಸ್," ಎಂದರು. ನಂಬಿದೆ. ಆರು ವಾರ ನೂರ ಮೂವತ್ತೆರಡು ಮನೆಗೆ ಮತ ಕೇಳಿಕೊಂಡು ಹೋದೆ. ಒಂದೊಂದು ಮನೆಯ ಮುಂದೆಯೂ ಟಿಕ್ ಹಾಕಿದ ಪುಟಗಳು ಇನ್ನೂ ಇವೆ. ಕೆಲವರು ಬಾಗಿಲಲ್ಲೇ ಕೇಳಿದರು, "ಒಂದು ಶುಕ್ರವಾರದ ಕ್ಲಾಸಿಗೆ ಇಷ್ಟೆಲ್ಲಾ ಎಂತಕ್ಕೆ?" ಹೆಚ್ಚಿನವರಿಗೆ ವಿವರಿಸಬೇಕಾಗಲಿಲ್ಲ, ಅವರ ಮಕ್ಕಳು ಆಗಲೇ ಶುಕ್ರವಾರ ಏಳುವುದನ್ನು ಬಿಟ್ಟಿದ್ದರು. ನವೆಂಬರ್ 21ರಂದು ಮತದಾನ. ಇಪ್ಪತ್ತಮೂರು ಮತಗಳ ಅಂತರದಲ್ಲಿ ನಾವು ಗೆದ್ದೆವು. ಟೀಚರಿಗೆ ನಾನೇ ಫೋನ್ ಮಾಡಿದೆ. ಅವರು, "ಕಾಪಿ ಪುಸ್ತಕ ಉಂಟಾ ಇನ್ನೂ ಅಲ್ಲಿ?" ಎಂದು ಕೇಳಿದರು.

ಸೋತ ಸಮಿತಿಯ ಅವಧಿ ಡಿಸೆಂಬರ್ ಕೊನೆಯವರೆಗೆ ಇತ್ತು. ಅಧಿಕಾರ ಒಪ್ಪಿಸುವ ಮೊದಲು ಲೆಕ್ಕಪತ್ರ ಸರಿಮಾಡಲು ಎಂದು ಹಿಂದಿನಿಂದ ಬಂದ ಪದ್ಧತಿ. ಡಿಸೆಂಬರ್ 12ರಂದು ಅವರು ಕೊನೆಯ ಸಭೆ ಸೇರಿದರು. ಜೂನ್‌ನಿಂದ ಫೈಲಿನಲ್ಲಿದ್ದ ನನ್ನ ಐದು ಅಂಶಗಳನ್ನು ಹೊರಗೆ ತೆಗೆದು, ಒಂದು ಅಕ್ಷರವನ್ನೂ ಬದಲಿಸದೆ, ಉಪನಿಯಮವಾಗಿ ಪಾಸು ಮಾಡಿದರು. ಮಾಡಲು ಸಮಿತಿ ಸಾಕು. ಬದಲಿಸಲು ಎಲ್ಲ ಸದಸ್ಯರ ಮಹಾಸಭೆಯೇ ಬೇಕು. ಮೂರನೇ ಅಂಶ: ಈಗ ಹುದ್ದೆಯಲ್ಲಿರುವವರು ಮುಂದುವರಿಯುತ್ತಾರೆ. ಈಗ ಎಂದರೆ ಯಾವಾಗ? ನಾನು ಬರೆಯುವಾಗ ಅದು ಜೂನ್ ಆಗಿತ್ತು, ಕುರ್ಚಿಯಲ್ಲಿ ಟೀಚರಿದ್ದರು. ಅವರು ಓದುವಾಗ ಡಿಸೆಂಬರ್, ಕುರ್ಚಿಯಲ್ಲಿ ಉಪಾಧ್ಯಕ್ಷರ ತಮ್ಮನ ಹೆಂಡತಿ. ಸಭೆಯ ನಡಾವಳಿಯ ಕೊನೆಯಲ್ಲಿ, ಕರಡು ಸಿದ್ಧಪಡಿಸಿದ್ದಕ್ಕೆ ನನಗೆ ಕೃತಜ್ಞತೆಯನ್ನೂ ಸಲ್ಲಿಸಿದ್ದರು, ಹೆಸರು ಹಾಕಿ.

ನಡಾವಳಿಯ ಫೋಟೋ ಫೋನಿಗೆ ಬಂದಾಗ ನಾನು ಕಚೇರಿಯ ಕೆಲಸದಲ್ಲಿದ್ದೆ. ಅದು ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ. ಆ ದಿನ ಹನ್ನೊಂದು ನಕ್ಷೆಗಳನ್ನು ವಾಪಸ್ ಕಳಿಸಿದೆ. ಅವುಗಳಲ್ಲಿ ಎರಡರಲ್ಲಿ ಯಾವ ತಪ್ಪೂ ಇರಲಿಲ್ಲ. ಮದೀನತ್ ಖಲೀಫಾದ ಹುಡುಗಿಗೆ ಆ ವಾರ ವಿಷಯ ಹೇಳಿದೆ. ಅವಳು ನಗಲಿಲ್ಲ. "ಅಕ್ಕ, ಅವ್ರು ನಿಮ್ಮ ಪಾಠ ಓದಿದ್ದಾರೆ," ಎಂದಳು. ಅವರು ಯಾವ ಪಾಠವನ್ನೂ ಓದಿರಲಿಲ್ಲ. ಓದದೆಯೇ ಬಂತು ಅವರಿಗೆ. ಓದಿದವಳು ನಾನು. ಆ ಕಾನೂನಿನಲ್ಲಿ ಒಳಗಿದ್ದವರು ಒಳಗೇ ಉಳಿದರು ಎಂದು ನನ್ನ ಬಾಯಿಂದಲೇ ಹೇಳಿಕೊಟ್ಟವಳೂ ನಾನೇ.

ಜನವರಿ 2, ಹೊಸ ಸಮಿತಿಯ ಮೊದಲ ಶುಕ್ರವಾರ. ಹೊಸ ಅಧ್ಯಕ್ಷರು ಮೆದು ಮಾತಿನಲ್ಲೇ ಕೈಚೆಲ್ಲಿದರು.

"ನಿಂದೇ ನಿಯಮ ಅಲ್ವಾ ತಂಗಿ. ನಾವು ಬಂದ ದಿನವೇ ಮುರಿದ್ರೆ ಜನ ಎಂತ ಹೇಳ್ತಾರೆ?"

"ಮೊದಲ ಶುಕ್ರವಾರ ಟೀಚರು ವಾಪಸ್ ಅಂತ ನೀವು ಹೇಳಿದ್ದಿರಿ."

"ಹೇಳಿದ್ದೆ, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಈಗ ಇರುವವರೂ ಪಾಪ, ಒಳ್ಳೆಯವರೇ. ಮೊನ್ನೆ ಬಂದು ಮಾತಾಡಿದ್ರು. ಮನೆಗಳ ಲಿಸ್ಟ್ ಎಲ್ಲ ಅಪ್ಡೇಟ್ ಮಾಡಿ ಕೊಟ್ಟಿದ್ದಾರೆ."

ಅವರ ಮೇಜಿನ ಮೇಲೆ ಆ ಪಟ್ಟಿ ಇತ್ತು. ಮಕ್ಕಳಿಗೆ ಜ್ವರ ಬಂದರೆ ಕರೆಯಲು ಕೊಟ್ಟ ನಂಬರುಗಳು. ಅದರ ಮೇಲೆ ಅವರು ಚಹಾದ ಲೋಟ ಇಟ್ಟಿದ್ದರು. ನನ್ನ ಮುಖ ನೋಡಿ ಅವರೇ ದನಿ ತಗ್ಗಿಸಿದರು. "ಒಂದು ದಾರಿ ಉಂಟು. ಸೀಲು, ತಾರೀಕು ಎಲ್ಲ ನಿನ್ನ ಕೆಲಸವೇ. ನಿನ್ನ ಹತ್ರ ಇರುವ ಕರಡಿನ ಪ್ರತಿಗೆ ಜೂನ್ ತಿಂಗಳ ಒಂದು ತಾರೀಕು ಹಾಕು, ಸ್ವೀಕರಿಸಿದೆ ಅಂತ ಒಂದು ಸೀಲು. ಜೂನ್‌ನದ್ದು ಅಂತ ನಾವು ಓದ್ತೇವೆ. ಖಲಾಸ್."

ಸುಳ್ಳೂ ಅಲ್ಲ ಅದು. ಜೂನ್ 20ರಂದೇ ಕೊಟ್ಟಿದ್ದೆ. ಮೂರು ಸಂಜೆ ಆ ಪ್ರತಿ ನನ್ನ ಮೇಜಿನ ಮೇಲಿತ್ತು, ಪಕ್ಕದಲ್ಲಿ ತಾರೀಕಿನ ಸೀಲು. ಅದರ ಚಕ್ರವನ್ನು ಹಿಂದಕ್ಕೆ ತಿರುಗಿಸಿದೆ ಕೂಡ: ಡಿಸೆಂಬರ್, ನವೆಂಬರ್, ಅಕ್ಟೋಬರ್. ಹೀಗೆ ತಿರುಗಿಸಿದವರನ್ನು ನಾನೇ ಎರಡು ಸಲ ಹಿಡಿದು ಮೇಲಿನವರಿಗೆ ತಿಳಿಸಿದ್ದೇನೆ. ಸೆಪ್ಟೆಂಬರ್ ಬಂದಾಗ ನಿಲ್ಲಿಸಿ, ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಟೀಚರ ಮನೆಗೆ ಹೋದೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮೂರನೇ ಅಂಶವನ್ನು ಮತ್ತೊಮ್ಮೆ ಓದಿದರು.

"ಒಳ್ಳೆದುಂಟು ಮಾರಾಯ್ತಿ. 'ಈಗ' ಅಂತ ಬರ್ದಿದ್ದಿ. ಯಾವಾಗ ಅಂತ ಬರೀಲಿಲ್ಲ."

"ನಿಮ್ಮನ್ನೇ ಮನಸ್ಸಲ್ಲಿಟ್ಟು ಬರೆದದ್ದು ಟೀಚರ್."

"ಮನಸ್ಸಲ್ಲಿ," ಎಂದರು ಅವರು. ಹಾಗಲಕಾಯಿ ಹಿಡಿದು ಅಳುತ್ತಾ ಬಂದ ಮಗು ನಮ್ಮಿಬ್ಬರಿಗೂ ನೆನಪಾಯಿತು.

ಸೀಲಿನ ದಾರಿಯನ್ನೂ ಹೇಳಿದೆ. ಅವರಿಗೆ ಸಿಟ್ಟು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. "ಅವರು ಕೊಟ್ಟ ಕುರ್ಚಿಯಲ್ಲಿ ನಾನು ಕೂರ್ಬೇಕಾ? ನಾಳೆ ಇವರೂ ಲಿಸ್ಟ್ ಕೇಳ್ತಾರೆ. ಆಗ ಎಂತ ಹೇಳ್ಲಿ, ನನ್ನನ್ನು ಕೂರಿಸಿದ ತಾರೀಕು ಸುಳ್ಳು ಅಂತ ಅವರಿಗೆ ಗೊತ್ತುಂಟಲ್ಲ."

"ಸುಳ್ಳಲ್ಲ ಟೀಚರ್, ಜೂನ್ ಇಪ್ಪತ್ತಕ್ಕೇ..."

"ಆ ದಿನ ಹಾಕಿದ್ರೆ ಸುಳ್ಳಲ್ಲ. ಇವತ್ತು ಹಾಕಿದ್ರೆ ಸುಳ್ಳು. ನಿನಗೆ ಇದನ್ನು ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಅವರ ಗಂಡ ಒಳಗಿನಿಂದ ಚಹಾ ತಂದಿಟ್ಟರು. ಅವತ್ತು ಶುಕ್ರವಾರವಲ್ಲದಿದ್ದರೂ ಟೀಚರು ನನ್ನ ಕರಡನ್ನು ಕೆಂಪು ಪೆನ್ನಿನಲ್ಲಿ ತಿದ್ದಿದರು. 'ಈಗ' ಎಂಬುದರ ಸುತ್ತ ಒಂದು ಗೆರೆ. ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ.

ನೂರು ಸದಸ್ಯರು ಸಹಿ ಹಾಕಿದರೆ ವಿಶೇಷ ಮಹಾಸಭೆ ಕರೆಯಲೇಬೇಕು. ಅದೊಂದೇ ನೇರ ದಾರಿ. ತಿದ್ದುಪಡಿ ಬರೆದೆ, ಒಂದೇ ವಾಕ್ಯ: ಸೆಪ್ಟೆಂಬರ್ 1ರಂದು ಹುದ್ದೆಯಲ್ಲಿದ್ದವರು ಮುಂದುವರಿಯುತ್ತಾರೆ, ಆಮೇಲೆ ಪರೀಕ್ಷೆಯಿಲ್ಲದೆ ಬಂದವರು ಪರೀಕ್ಷೆ ಬರೆಯತಕ್ಕದ್ದು. ಅದೇ ನೂರ ಮೂವತ್ತೆರಡು ಮನೆಗಳ ಪಟ್ಟಿ ಹಿಡಿದು ಮತ್ತೆ ಹೊರಟೆ. ಗೆದ್ದ ಮೇಲೆ ಬಾಗಿಲುಗಳು ಬೇರೆ ರೀತಿ ತೆರೆಯುತ್ತವೆ. "ಇನ್ನು ಎರಡು ವರ್ಷದಲ್ಲಿ ಎಲೆಕ್ಷನ್ ಬರ್ತದಲ್ವಾ," ಎಂದರು ಹಲವರು. "ಇಬ್ಬರೂ ನಮ್ಮವರೇ, ಯಾರ ಮೇಲೆ ಅಂತ ಸಹಿ ಹಾಕುದು?" ಎಂದರು ಕೆಲವರು. ಓಟು ಕೊಟ್ಟದ್ದೇ ಟೀಚರಿಗಾಗಿ ಎಂದವರೇ ಪೆನ್ನು ಸಿಗಲಿಲ್ಲ ಎಂದರು. ನಾನು ಪೆನ್ನು ಒಯ್ದಿದ್ದೆ. ಎರಡು ವಾರಕ್ಕೆ ಮೂವತ್ತೊಂದು ಸಹಿ.

ಜನವರಿ 23, ಶುಕ್ರವಾರ. ಕುಂದಾಪುರದವರ ಅಂಗಡಿಗೆ ಹೋದೆ. ಅವರೂ ಸದಸ್ಯರು. ಮಕ್ಕಳು ಚೀಟಿ ತರುವುದು ನಿಂತಿತು ಎಂದು ಬೇಸರ ಮಾಡಿಕೊಂಡರು. ಕಾಗದವನ್ನು ತಕ್ಕಡಿಯ ಪಕ್ಕ ಇಟ್ಟು, ಬೆರಳು ಓಡಿಸುತ್ತಾ ಮಕ್ಕಳ ಚೀಟಿಯಂತೆಯೇ ಓದಿದರು. ಪೆನ್ನು ಕೈಯಲ್ಲಿ ಹಿಡಿದು ತಲೆಯೆತ್ತಿದರು.

"ಸೆಪ್ಟೆಂಬರ್ ಒಂದು. ಯಾವ ವರ್ಷದ್ದು?"

ನೋಡಿದೆ. ವರ್ಷ ಬರೆದಿರಲಿಲ್ಲ. ಮೂವತ್ತೊಂದು ಜನ ಓದಿ, ಅಥವಾ ಓದದೆ, ಸಹಿ ಹಾಕಿದ್ದರು. ಹಾಗೇ ಬಿಟ್ಟಿದ್ದರೆ ಈ ಡಿಸೆಂಬರಿನಲ್ಲಿ ಯಾರಾದರೂ ಅದನ್ನೂ ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಅಕ್ಕಿ ಮೂಟೆಯ ಮೇಲೆ ಕಾಗದ ಇಟ್ಟು ವರ್ಷ ಬರೆದೆ. ಪಕ್ಕದಲ್ಲಿ ನನ್ನ ಸಹಿ, ತಿದ್ದಿದ ದಿನ. ಅವಮಾನಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಅವರು ಇನ್ನೊಮ್ಮೆ ಓದಿ ಸಹಿ ಹಾಕಿದರು. ಆಮೇಲೆ ನನ್ನನ್ನು ನೋಡಿ, "ಈಗ ಆ ಮೂವತ್ತೊಂದು ಜನರ ಹತ್ರ ಮತ್ತೆ ಹೋಗ್ಬೇಕಲ್ವಾ?" ಎಂದರು.

ಹೋಗಬೇಕು. ತಿದ್ದಿದ ಕಾಗದಕ್ಕೆ ಹಳೆಯ ಸಹಿ ಸಲ್ಲುವುದಿಲ್ಲ. ತಿದ್ದಿದ ಮೇಲೆ ಬಿದ್ದ ಸಹಿಗಳಲ್ಲಿ ಅವರದೇ ಮೊದಲನೆಯದು. ಡೈರಿಯಲ್ಲಿ ಮೂವತ್ತೊಂದನ್ನು ಹೊಡೆದುಹಾಕಿ ಒಂದು ಎಂದು ಬರೆದೆ.